ಯಾವ ಹೊಲದಾಗ ದುಡದೈತ್ರಿ? ಹಳೇ ಸಣ್ಣ ಟ್ರ್ಯಾಕ್ಟರ್ ಕೊಳ್ಳುವವರಿಗೆ ಕೆಲವು ಅನುಭವದ ಪಾಠಗಳು

ಹುಬ್ಬಳ್ಳಿ-ಧಾರವಾಡದ ಕಡೆ ಸಣ್ಣ ಟ್ರ್ಯಾಕ್ಟರ್ ಅಂದರೆ 15ರಿಂದ 25 ಎಚ್‌ಪಿಯೊಳಗಿನ ಗಾಡಿ. ಮಹೀಂದ್ರಾ ಯುವರಾಜ 215, ಸ್ವರಾಜ್ 717, ಮಿತ್ಸುಬಿಷಿ ಶಕ್ತಿ ಎಂಟಿ 180ಡಿ, ರಾಜಕೋಟದ ಕ್ಯಾಪ್ಟನ್, ಈಚೆಗೆ ಬಂದ ಕುಬೋಟಾ ನಿಯೋಸ್ಟಾರ್. ಇನ್ನೂ ಹಿಂದಿನವೆಂದರೆ ಎಚ್‌ಎಂಟಿ 2511, ಒಂದೇ ಸಿಲಿಂಡರಿನ ಐಷರ್ 242. ಕೆಲಗೇರಿ, ಕಲಕೇರಿಯ ಮಾವಿನ ತೋಟದವರು, ಕಲಘಟಗಿಯ ಭತ್ತ-ಗೋವಿನಜೋಳದವರು, ಕುಂದಗೋಳದಲ್ಲಿ ಮೆಣಸಿನಗಿಡದ ಸಾಲಿನ ನಡುವೆ ಎಡೆ ಹೊಡೆಯುವವರು ಇವುಗಳ ಗಿರಾಕಿಗಳು. ಹೊಸದರ ಬೆಲೆ ಕೇಳಿ ಹಳೆಯದರ ಕಡೆ ತಿರುಗುವವರೇ ಹೆಚ್ಚು.

ಬಂದವರು ಮೊದಲು ನೋಡುವುದು ಸೈಲೆನ್ಸರಿನ ಬಾಯಿ. ಹೊಗೆ ಇಲ್ಲವೆಂದರೆ ಗಾಡಿ ಚಲೋ ಐತಿ ಎಂದೇ ಲೆಕ್ಕ. ಎಂಜಿನ್ ಕೆಟ್ಟಿದ್ದರೆ ಹುಬ್ಬಳ್ಳಿಯಲ್ಲಿ ಯಾರಾದರೂ ಸರಿಮಾಡಿ ಕೊಟ್ಟಾರು. ಸಣ್ಣ ಗಾಡಿಯನ್ನು ಗುಜರಿಗೆ ಕಳಿಸುವ ರೋಗಗಳು ಬೇರೆ ಕಡೆ ಇರುತ್ತವೆ. ಎಲ್ಲಿ ಹುಡುಕಬೇಕೆಂದು ತಿಳಿಯಬೇಕಾದರೆ ಅದು ಎಲ್ಲಿ ದುಡಿದಿದೆ ಎಂದು ಗೊತ್ತಿರಬೇಕು. ಹತ್ತಾರು ವರ್ಷ ಇಂಥ ಗಾಡಿಗಳನ್ನು ಬಿಚ್ಚಿ, ಜೋಡಿಸಿ, ಕೊಂಡು, ಮಾರಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

1. ಬೆಲೆ ಕೇಳುವ ಮುಂಚೆ ಹೊಲ ಕೇಳಿ

ಕಲಘಟಗಿ, ಅಳ್ನಾವರ ಕಡೆ ಗದ್ದೆಯಲ್ಲಿ ಕೆಸರು ಹೊಡೆದ ಗಾಡಿಯಾದರೆ ಮೊದಲು ಕೆಳಗೆ ಬಗ್ಗಿ ನೋಡಿ. ಕೆಸರುನೀರು ಸೀಲ್ ತಿಂದು ಗಾಲಿಯ ಹಬ್ಬಿನೊಳಗೆ, ಬ್ರೇಕಿನೊಳಗೆ, ಮುಂದಿನ ಆಕ್ಸಲ್ಲಿನೊಳಗೆ ಇಳಿದಿರುತ್ತದೆ. ಫೋರ್ ವೀಲ್ ಗಾಡಿಯಾಗಿದ್ದರೆ ಮುಂದಿನ ಆಕ್ಸಲ್ಲಿನ ಡ್ರೇನ್ ಬೋಲ್ಟನ್ನು ನಿಧಾನಕ್ಕೆ ಸಡಿಲಿಸಿ. ಎಣ್ಣೆಗಿಂತ ಮೊದಲು ನೀರು ಬಂದರೆ, ಅಥವಾ ಎಣ್ಣೆಯೇ ಮಜ್ಜಿಗೆಯಂತೆ ಬೆಳ್ಳಗೆ ಬಂದರೆ, ಒಳಗಿನ ಬೇರಿಂಗು ಮತ್ತು ಗೇರು ತುಕ್ಕು ಹಿಡಿದಿವೆ ಎಂದೇ ತಿಳಿಯಿರಿ. ಆ ಖರ್ಚು ಕಳೆದು ಬೆಲೆ ಹೇಳಿ. ಮಾರುವವನು ಬೋಲ್ಟಿಗೆ ಕೈ ಹಚ್ಚಲು ಬಿಡದಿದ್ದರೆ ಅದೂ ಒಂದು ಉತ್ತರವೇ.

ಹಳಿಯಾಳದ ಕಡೆ ಕಬ್ಬಿನ ಹಂಗಾಮಿನಲ್ಲಿ ದುಡಿದ ಗಾಡಿಯ ಕಥೆ ಬೇರೆ. 15 ಎಚ್‌ಪಿಗೆ ಹೊರಲಾಗದಷ್ಟು ಹೇರು ಹೇರಿ ಏರು ಹತ್ತಿಸಿರುತ್ತಾರೆ. ಅಲ್ಲಿ ಸವೆಯುವುದು ಕ್ಲಚ್ ಪ್ಲೇಟು, ಹಿಂದಿನ ಆಕ್ಸಲ್ಲು, ಬ್ರೇಕು. ಟ್ರೇಲರ್ ಸಿಕ್ಕಿಸುವ ಹುಕ್ಕಿನ ತೂತು ನೋಡಿ, ಅದು ಉದ್ದಕ್ಕೆ ಎಳೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಗಾಡಿ ಹೊಲಕ್ಕಿಂತ ರಸ್ತೆಯಲ್ಲೇ ಹೆಚ್ಚು ಓಡಿದೆ. ಇಟ್ಟಂಗಿ ಭಟ್ಟಿ, ನೀರಿನ ಟ್ಯಾಂಕರಿಗೆ ಹಚ್ಚಿದ ಗಾಡಿಗೂ ಇದೇ ಗುರುತು.

ಮಾವಿನ ತೋಟದ ಗಾಡಿ ನೋಡಲು ಚಂದ. ಹೊರೆ ಕಡಿಮೆ, ನೆರಳಿನಲ್ಲಿ ನಿಂತಿರುತ್ತದೆ. ಆದರೆ ಅದರ ಹಿಂದೆ ಔಷಧ ಹೊಡೆಯುವ ಪಂಪು ಕಟ್ಟಿರುತ್ತಾರೆ. ಗಂಧಕ, ಮೈಲುತುತ್ತಿನ ನೀರು ಸಿಡಿದು ಹಿಂದಿನ ಮಡಗಾರ್ಡು, ವೈರಿಂಗು, ರಿಮ್ಮು, ಹೈಡ್ರಾಲಿಕ್ ಪೈಪಿನ ತುದಿಗಳನ್ನು ತಿಂದಿರುತ್ತದೆ. ಪಿಟಿಒ ಶಾಫ್ಟಿನ ಹಲ್ಲುಗಳು ಚೂಪಾಗಿವೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ನನ್ನನ್ನು ಕೇಳಿದರೆ ಈ ಮೂರರಲ್ಲಿ ತೋಟದ ಗಾಡಿಗೇ ನನ್ನ ಮತ. ತಗಡು ಬದಲಿಸುವುದು ಗೇರು ಬದಲಿಸುವುದಕ್ಕಿಂತ ಅಗ್ಗ.

ನವಲಗುಂದ, ಅಣ್ಣಿಗೇರಿಯ ಎರೆಹೊಲದಲ್ಲಿ ದುಡಿದದ್ದಾದರೆ ಧೂಳಿನ ಕಥೆ ಕೇಳಿ. ಅದಕ್ಕೆ ಎಂಟನೇ ಪಾಠ ನೋಡಿ.

2. ನಿಮ್ಮ ಮಣ್ಣಿಗೆ ಗಾಡಿ ಒಪ್ಪುತ್ತದೆಯೇ?

ನವಲಗುಂದದ ರೈತರೊಬ್ಬರು ಬಂದು "ಅಣ್ಣಾರ, ಎಂಟು ಎಕರೆ ಐತಿ, ಒಂದು ಸಣ್ಣ ಗಾಡಿ ಹುಡುಕಿ ಕೊಡ್ರಿ" ಎಂದರೆ ನಾನು ಮೊದಲು ಬೇಡವೆಂದೇ ಹೇಳುತ್ತೇನೆ. ಎರೆಮಣ್ಣು ಒಣಗಿದರೆ ಕಲ್ಲು, ತೊಯ್ದರೆ ಅಂಟು, ನಡುವೆ ಹದ ಸಿಗುವುದು ಕೆಲವೇ ದಿನ. 15 ಎಚ್‌ಪಿ ಗಾಡಿಗೆ ಆ ಮಣ್ಣಿನಲ್ಲಿ ನೇಗಿಲು ಎಳೆಯುವ ತೂಕವೇ ಇಲ್ಲ. ಎಂಜಿನ್‌ನಲ್ಲಿ ಶಕ್ತಿ ಉಳಿದಿದ್ದರೂ ಟೈರು ಜಾರುತ್ತದೆ. ಬಿತ್ತನೆಗೆ, ಎಡೆ ಹೊಡೆಯಲಿಕ್ಕೆ, ಔಷಧ ಸಿಂಪಡಿಸಲಿಕ್ಕೆ ಮಾತ್ರ ಸಾಕೆಂದರೆ ಕೊಳ್ಳಿ. ಆಳ ಉಳುಮೆಗೆ ದೊಡ್ಡ ಗಾಡಿ ಬಾಡಿಗೆಗೆ ಕರೆಯಿರಿ. ಧಾರವಾಡದ ಪಶ್ಚಿಮಕ್ಕೆ ಮಣ್ಣು ಕೆಂಪಾಗುತ್ತ ಹೋದಂತೆ ಈ ಲೆಕ್ಕ ಸಡಿಲವಾಗುತ್ತದೆ.

ಹಳೇ ಗಾಡಿಯ ಹಿಂದಿನ ಗಾಲಿಗೆ ಕಂಪನಿ ಕೊಟ್ಟ ಎರಕದ ತೂಕದ ಬಿಲ್ಲೆಗಳು ಇವೆಯೇ ನೋಡಿ. ಎಷ್ಟೋ ಗಾಡಿಗಳಲ್ಲಿ ಅವು ಯಾವಾಗಲೋ ಗುಜರಿಗೆ ಹೋಗಿರುತ್ತವೆ. ಟೈರಿನೊಳಗೆ ನೀರು ತುಂಬಿಸಿ ತೂಕ ಕೊಟ್ಟಿದ್ದರೆ ವಾಲ್ವಿನ ಸುತ್ತ ರಿಮ್ಮು ತುಕ್ಕು ಹಿಡಿದಿದೆಯೇ ಪರೀಕ್ಷಿಸಿ.

ಸಂಶಯವಿದ್ದರೆ ಒಂದು ಹಂಗಾಮು ಕೃಷಿ ಯಂತ್ರಧಾರೆ ಕೇಂದ್ರದಿಂದ ಅದೇ ಅಳತೆಯ ಗಾಡಿ ಬಾಡಿಗೆಗೆ ತಂದು ನಿಮ್ಮದೇ ಹೊಲದಲ್ಲಿ ಓಡಿಸಿ. ಕೃಷಿ ವಿಶ್ವವಿದ್ಯಾಲಯದ ಮೇಳದಲ್ಲಿ ಡಾಂಬರಿನ ಮೇಲೆ ನಿಂತ ಗಾಡಿ ನೋಡಿ ತೀರ್ಮಾನಿಸುವುದಕ್ಕಿಂತ ಇದು ಮೇಲು.

3. ತಣ್ಣಗಿದ್ದಾಗ ಹೋಗಿ

"ನಾ ಬೆಳಿಗ್ಗೆ ಏಳಕ್ಕ ಬರ್ತೀನಿ, ಅಲ್ಲೀತನಕ ಗಾಡಿ ಚಾಲೂ ಮಾಡಬ್ಯಾಡ್ರಿ" ಎಂದು ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಲು ಮೊದಲೇ ಕಾಯಿಸಿದ್ದಾರೆ. ಸವೆದ ಡೀಸೆಲ್ ಎಂಜಿನ್ ತಣ್ಣಗಿದ್ದಾಗಲೇ ತನ್ನ ಬಣ್ಣ ತೋರಿಸುವುದು. ಬಹಳ ಹೊತ್ತು ಸೆಲ್ಫ್ ಹೊಡೆಸಿಕೊಂಡು, ಬಿಳಿ ಹೊಗೆ ಬಿಟ್ಟು, ಆಮೇಲೆ ಹಿಡಿದುಕೊಂಡರೆ ಕಂಪ್ರೆಶನ್ ಕಡಿಮೆ ಅಥವಾ ನಾಜಲ್ ಕೆಟ್ಟಿದೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆಗೆ ಜನ ಹೆದರುತ್ತಾರೆ, ನಾನು ಅಷ್ಟು ಹೆದರುವುದಿಲ್ಲ. ಎಷ್ಟೋ ಸಲ ಗಾಳಿ ಫಿಲ್ಟರ್ ಸ್ವಚ್ಛ ಮಾಡಿದರೆ, ಪಂಪು ಸರಿಮಾಡಿಸಿದರೆ ಅದು ಹೋಗುತ್ತದೆ.

ಎಂಜಿನ್ ಕಾದ ಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ. ಅಲ್ಲಿಂದ ಹೊಗೆ ಬುಸುಗುಟ್ಟಿ ಬಂದರೆ ರಿಂಗು-ಲೈನರು ಮುಗಿದಿವೆ. ಸೈಲೆನ್ಸರ್ ಏನೂ ಹೇಳದಿದ್ದರೂ ಈ ಬಾಯಿ ಹೇಳುತ್ತದೆ.

4. ಹೊಗೆಗಿಂತ ಹೆಚ್ಚು ಹೇಳುವ ಪರೀಕ್ಷೆಗಳು

ಒಬ್ಬರನ್ನು ಸೀಟಿನ ಮೇಲೆ ಕೂರಿಸಿ ಕ್ಲಚ್ ಒತ್ತಿ ಬಿಡಲು ಹೇಳಿ. ಎಂಜಿನ್ ಬಂದಾಗಿರಲಿ. ನೀವು ಮುಂದೆ ನಿಂತು ಕ್ರ್ಯಾಂಕ್ ಪುಲ್ಲಿಯನ್ನು ನೋಡಿ. ಕ್ಲಚ್ ಒತ್ತಿದಾಗಲೆಲ್ಲ ಪುಲ್ಲಿ ಮುಂದೆ ಸರಿದು ಹಿಂದೆ ಬರುವುದು ಕಣ್ಣಿಗೇ ಕಂಡರೆ ಕ್ರ್ಯಾಂಕಿನ ಥ್ರಸ್ಟ್ ವಾಷರ್ ಸವೆದಿದೆ. ಕ್ಲಚ್ ಮೇಲೆ ಸದಾ ಕಾಲಿಟ್ಟು ಓಡಿಸುವ ಡ್ರೈವರಿನ ಕೈಯಲ್ಲಿದ್ದ ಗಾಡಿ ಅದು. ಪೈಸೆ ಖರ್ಚಿಲ್ಲದ ಈ ಪರೀಕ್ಷೆ ಮಾಡುವವರನ್ನು ನಾನು ಕಂಡದ್ದೇ ಕಡಿಮೆ.

ಬಯಲಲ್ಲಿ ಮೇಲಿನ ಗೇರಿಗೆ ಹಾಕಿ, ಬ್ರೇಕ್ ಒತ್ತಿ, ಕ್ಲಚ್ ಬಿಡಿ. ಎಂಜಿನ್ ಗಕ್ಕನೆ ಬಂದಾಗಬೇಕು. ಬ್ರೇಕು ಗಟ್ಟಿಯಾಗಿ ಹಿಡಿದಿದ್ದೂ ಗುರ್ರೆನ್ನುತ್ತ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಮುಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ ಮೇಲೆ-ಕೆಳಗೆ, ಎಡ-ಬಲ ಅಲುಗಾಡಿಸಿ. ಕಿಂಗ್‌ಪಿನ್ನಿನಲ್ಲಿ, ಬುಶ್ಶಿನಲ್ಲಿ ಆಟ ಎಷ್ಟಿದೆ ಎಂಬುದು ಕೈಗೆ ತಿಳಿಯುತ್ತದೆ. ರೋಟಾವೇಟರ್ ಎತ್ತಿಸಿ, ಎಂಜಿನ್ ಬಂದ್ ಮಾಡಿ, ಚಹಾ ಕುಡಿದು ಬನ್ನಿ. ಅಷ್ಟರಲ್ಲಿ ನೆಲಕ್ಕೆ ಕೂತಿದ್ದರೆ ಲಿಫ್ಟಿನ ಸಿಲಿಂಡರಿನ ಸೀಲೋ ವಾಲ್ವೋ ಹೋಗಿದೆ. ಎತ್ತಿ ನಿಲ್ಲಿಸಿದ ರೋಟಾವೇಟರಿನ ಕೆಳಗೆ ಮಾತ್ರ ಯಾರೂ ಕೈ ಹಾಕಬಾರದು, ಮಕ್ಕಳನ್ನು ದೂರವಿಡಿ.

ಕೊನೆಗೆ ಚಿಂದಿ ಹಿಡಿದು ಎಂಜಿನ್ನು ಮತ್ತು ಗೇರ್‌ಬಾಕ್ಸ್ ಕೂಡುವ ಜಾಗ ಒರೆಸಿ. ಹೆಚ್ಚಿನ ಟ್ರ್ಯಾಕ್ಟರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ, ಈ ಎರಕದ ಪೆಟ್ಟಿಗೆಗಳೇ ಅದರ ಮೈ. ಅಲ್ಲಿ ಬಿರುಕು ಇದ್ದರೆ, ಬೆಸುಗೆಯ ಗೆರೆ ಇದ್ದರೆ, ಬೆಲೆ ಎಷ್ಟೇ ಇಳಿಯಲಿ, ಚಪ್ಪಲಿ ಹಾಕಿಕೊಂಡು ಹೊರಡಿ.

5. ಬಣ್ಣ, ಮೀಟರು

ಹೊಸ ಬಣ್ಣಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಬೋಲ್ಟಿನ ತಲೆ, ಆಯಿಲ್ ಸೀಲು, ರಬ್ಬರ್ ಪೈಪು ಎಲ್ಲದರ ಮೇಲೂ ಬಣ್ಣ ಹಾರಿದ್ದರೆ ಅದು ಮಾರಾಟಕ್ಕೆಂದೇ ಹೊಡೆಸಿದ ಬಣ್ಣ. "ಒಂದ್ ಬೋಲ್ಟ್ ಸೈತ ಬಿಚ್ಚಿಲ್ರಿ" ಎನ್ನುವ ಗಾಡಿಯ ಹೆಡ್ ಬೋಲ್ಟುಗಳ ಮೇಲೆ ಪಾನಾದ ಗಾಯ ಹೊಳೆಯುತ್ತಿರುತ್ತದೆ. ಗಂಟೆಯ ಮೀಟರನ್ನೂ ಪೂರ್ತಿ ನಂಬಬೇಡಿ. ಕೇಬಲ್ಲಿನ ಹಳೇ ಮೀಟರು ಸರಿಯಾದ ಗಂಟೆ ಎಣಿಸುವುದು ಎಂಜಿನ್ ನಿಗದಿತ ವೇಗದಲ್ಲಿ ತಿರುಗುವಾಗ ಮಾತ್ರ. ನಿಧಾನಕ್ಕೆ ತಿರುಗಿದರೆ ಕಡಿಮೆ ಎಣಿಸುತ್ತದೆ, ಕೇಬಲ್ ಕಳಚಿದರೆ ಎಣಿಸುವುದೇ ಇಲ್ಲ. ಅದಕ್ಕಿಂತ ಕ್ಲಚ್ ಪೆಡಲಿನ ರಬ್ಬರು, ಸೀಟಿನ ಕೆಳಗಿನ ತಗಡು, ಗೇರಿನ ಗುಂಡಿ ನಂಬಿಗಸ್ತರು.

6. ಫೋರ್ ವೀಲ್ ಗಾಡಿಯ ಟೈರು

ಶಕ್ತಿ, ಕುಬೋಟಾದಂಥ ನಾಲ್ಕು ಗಾಲಿ ಎಳೆಯುವ ಸಣ್ಣ ಗಾಡಿಗಳಲ್ಲಿ ಮುಂದಿನ-ಹಿಂದಿನ ಟೈರಿನ ಸುತ್ತಳತೆಗೆ ಒಂದು ಲೆಕ್ಕವಿದೆ. ಅದಕ್ಕೆ ತಕ್ಕಂತೆಯೇ ಒಳಗಿನ ಗೇರು ಕೂಡಿಸಿರುತ್ತಾರೆ. ಮುಂದಿನ ಟೈರು ಸವೆಯಿತೆಂದು ಅಂಗಡಿಯಲ್ಲಿ ಸಿಕ್ಕ ಬೇರೆ ಅಳತೆಯ ಟೈರು ಹಾಕಿದರೆ ಮುಂದಿನ ಗಾಲಿ ಒಂದು ವೇಗ ಕೇಳುತ್ತದೆ, ಹಿಂದಿನದು ಇನ್ನೊಂದು. ಮೆತ್ತನೆಯ ಮಣ್ಣಿನಲ್ಲಿ ಟೈರು ಜಾರಿ ಅದು ಸರಿಹೋಗುತ್ತದೆ. ಡಾಂಬರಿನ ಮೇಲೆ ಜಾರಲು ಎಡೆಯಿಲ್ಲ, ಎಳೆತವೆಲ್ಲ ಗೇರಿನ ಹಲ್ಲಿನ ಮೇಲೆ ಬೀಳುತ್ತದೆ. ಹೊಲದಿಂದ ರಸ್ತೆಗೆ ಬಂದ ಕೂಡಲೇ ಫೋರ್ ವೀಲ್ ಲಿವರ್ ತೆಗೆಯುವ ಅಭ್ಯಾಸ ಹಿಂದಿನ ಮಾಲೀಕನಿಗೆ ಇತ್ತೇ ಎಂದು ಕೇಳಿ. "ಅದನ್ನ ಯಾವತ್ತೂ ತೆಗದಿಲ್ರಿ, ಯಾವಾಗ್ಲೂ ಹಾಕೇ ಇರತೈತಿ" ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಅಂಥ ಗಾಡಿ ನಾನು ಕೊಳ್ಳುವುದಿಲ್ಲ.

7. ಕಾಗದ

ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಗಾಡಿಯ ಮೇಲೆ ನೀವೇ ಓದಿ. ತುಕ್ಕಿದ್ದರೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಸಾಲದ ನಮೂದು ಇನ್ನೂ ಇದ್ದರೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಕೈಗೆ ಬರುವವರೆಗೆ ಮುಂಗಡಕ್ಕಿಂತ ಹೆಚ್ಚು ಕೊಡಬೇಡಿ. ಹೆಸರು ಬದಲಾವಣೆಗೆ ಫಾರ್ಮ್ 29, 30. ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೆಎ-25 ಧಾರವಾಡದ್ದು, ಕೆಎ-63 ಹುಬ್ಬಳ್ಳಿಯದು. ಟ್ರೇಲರಿಗೆ ಬೇರೆಯೇ ನೋಂದಣಿ ಇರುತ್ತದೆ, ಟ್ರ್ಯಾಕ್ಟರಿನ ಕಾಗದದ ಜೊತೆ ಅದು ತಾನಾಗಿ ಬರುವುದಿಲ್ಲ. ಸಬ್ಸಿಡಿಯಲ್ಲಿ ತಂದ ಗಾಡಿಯನ್ನು ಇಂತಿಷ್ಟು ಕಾಲ ಮಾರಕೂಡದೆಂಬ ಷರತ್ತು ಇರಬಹುದು. ಮಂಜೂರಾತಿ ಪತ್ರ ತರಿಸಿ ಓದಿ.

ದಲ್ಲಾಳಿ "ಕಾಗದ ಆಮ್ಯಾಲೆ ಮಾಡಿಸೂನ್ರಿ" ಎಂದರೆ ದುಡ್ಡೂ ಆಮೇಲೆಯೇ.

8. ರಿಪೇರಿ ಗಾಳಿ-ನೀರಿನಿಂದ ಶುರುವಾಗಲಿ

ಗಾಡಿ ಮನೆಗೆ ಬಂದ ಮೇಲೆ ಮೊದಲು ಬ್ರೇಕು, ಸ್ಟೇರಿಂಗು. ಇದರಲ್ಲಿ ಮಾತಿಲ್ಲ. ಆಮೇಲೆ ಎಂಜಿನ್ ಬಿಚ್ಚುವ ಆತುರ ಬೇಡ.

ಎಷ್ಟೋ ಹಳೇ ಗಾಡಿಗಳಿಗೆ ಇರುವುದು ಎಣ್ಣೆಯ ಬಟ್ಟಲಿನ ಗಾಳಿ ಫಿಲ್ಟರ್. ಎರೆಹೊಲದಲ್ಲಿ ಹರಗುವಾಗ ಒಂದೇ ದಿನಕ್ಕೆ ಅದರ ತಳದಲ್ಲಿ ಮಣ್ಣಿನ ರೊಜ್ಜು ಕೂಡುತ್ತದೆ. ಬಟ್ಟಲು ತೊಳೆದು, ಗೆರೆಯವರೆಗೆ ಮಾತ್ರ ಎಣ್ಣೆ ಹಾಕಬೇಕು. ಇನ್ನಷ್ಟು ಇರಲಿ ಎಂದು ಗೆರೆ ಮೀರಿ ಹಾಕಿದರೆ ಎಂಜಿನ್ ಆ ಎಣ್ಣೆಯನ್ನೇ ಒಳಗೆಳೆದುಕೊಂಡು, ಆಕ್ಸಿಲರೇಟರ್ ಮಾತು ಕೇಳದೆ, ಹುಚ್ಚು ವೇಗದಲ್ಲಿ ಓಡಬಹುದು. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಸೀಳಿದ್ದರಂತೂ ಫಿಲ್ಟರ್ ಇದ್ದೂ ಇಲ್ಲದಂತೆ. ಹೊಸ ಲೈನರು ಹಾಕಿಸಿ ವರ್ಷದೊಳಗೆ ಮತ್ತೆ ನೀಲಿ ಹೊಗೆ ಬಂತೆಂದು ಮೇಸ್ತ್ರಿಯನ್ನು ಬಯ್ಯುವವರು ಈ ಪೈಪು ನೋಡಿರುವುದಿಲ್ಲ.

ನೀರಿನ ಸಂಗತಿ ಇನ್ನೊಂದು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ರೇಡಿಯೇಟರಿಗೆ ಅದನ್ನೇ ಸುರಿಯುತ್ತ ಹೋದರೆ ಎಂಜಿನ್ನಿನೊಳಗೆ ಸುಣ್ಣದ ಪದರು ಕಟ್ಟುತ್ತದೆ, ಬಿಸಿ ಹೊರಗೆ ಹೋಗದು, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಒಳಗಿನದೆಲ್ಲ ತೊಳೆದು ಕೂಲಂಟ್ ಹಾಕಿ, ಅದಕ್ಕೆ ಬೆರೆಸಲು ಬ್ಯಾಟರಿ ನೀರು ಅಥವಾ ಶೋಧಿಸಿದ ಮಳೆನೀರು ಬಳಸಿ. ರೇಡಿಯೇಟರಿನ ಜಾಲರಿಯಲ್ಲಿ ಸಿಕ್ಕ ಹೊಟ್ಟು, ಹತ್ತಿಯ ಎಳೆಗಳನ್ನು ಒಳಗಿನಿಂದ ಹೊರಗೆ ಗಾಳಿ ಹೊಡೆದು ತೆಗೆಯಬೇಕು. ಐಷರಿನಂಥ ಗಾಳಿಯಿಂದ ತಣಿಯುವ ಎಂಜಿನ್ನಿಗೆ ನೀರಿನ ಕಾಟವಿಲ್ಲ ನಿಜ, ಆದರೆ ಅದರ ರೆಕ್ಕೆಗಳ ಮೇಲೆ ಎಣ್ಣೆ-ಧೂಳು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಕೆರೆದು ತೆಗೆಯದೆ ಬೇರೇನೂ ಮಾಡಬೇಡಿ.

ಡೀಸೆಲ್ ಟ್ಯಾಂಕು ಇಳಿಸಿ ತೊಳೆದು, ಫಿಲ್ಟರ್ ಬದಲಿಸಿ, ಏರ್ ತೆಗೆದು ಚಾಲೂ ಮಾಡಿ. ಇಷ್ಟಾದ ಮೇಲೂ ಎಂಜಿನ್ ಕೆಲಸ ಬೇಕೆನಿಸಿದರೆ ಆಗ ಪಾನಾ ಎತ್ತಿಕೊಳ್ಳಿ.

9. ಸಾಮಾನು ಹೆಸರಿನಿಂದಲ್ಲ, ನಂಬರಿನಿಂದ ಕೇಳಿ

ಎಚ್‌ಎಂಟಿ 1971ರಲ್ಲಿ ಚೆಕ್ ದೇಶದ ಜೆಟಾರ್ ಜೊತೆಗೂಡಿ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡಲು ಶುರುಮಾಡಿತು, 2016ರಲ್ಲಿ ಅದರ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ತೀರ್ಮಾನವಾಯಿತು. ಅಂದಮಾತ್ರಕ್ಕೆ 2511 ಸತ್ತಂತಲ್ಲ. ಪಿ.ಬಿ. ರಸ್ತೆಯ ಅಂಗಡಿಯಲ್ಲಿ "ಎಚ್‌ಎಂಟಿ ಗಾಲಿ ಬೇರಿಂಗ್ ಐತೇನ್ರಿ" ಎಂದರೆ ಹುಡುಗ ತಲೆಯಾಡಿಸಿ ಕಳಿಸುತ್ತಾನೆ. ಬೇರಿಂಗಿನ ಅಂಚು ಒರೆಸಿ ಅದರ ಮೇಲೆ ಕೊರೆದ ನಂಬರು ಓದಿ ಹೇಳಿ. ಉದಾಹರಣೆಗೆ 6205 ಎಂದರೆ ಒಳಗೆ 25, ಹೊರಗೆ 52, ದಪ್ಪ 15 ಮಿಲಿಮೀಟರ್. ಯಾವ ಕಂಪನಿ ಮಾಡಿದರೂ, ಯಾವ ದೇಶದಲ್ಲಿ ಮಾಡಿದರೂ ಅಳತೆ ಅದೇ. ಆಯಿಲ್ ಸೀಲಿನ ಮೇಲೂ ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಬರೆದಿರುತ್ತವೆ. ಬೆಲ್ಟಿಗೂ ನಂಬರು ಉಂಟು. ಕಂಪನಿ ಬಾಗಿಲು ಹಾಕಿದ ಎಷ್ಟೋ ಗಾಡಿಗಳು ಈ ನಂಬರುಗಳ ಬಲದಿಂದಲೇ ಇನ್ನೂ ಓಡುತ್ತಿವೆ.

ಲೋಕಲ್ ಸಾಮಾನು ಎಲ್ಲಿ ಆದೀತು, ಎಲ್ಲಿ ಆಗದು? ತಗಡು, ದೀಪ, ಸೀಟು, ಪಿನ್ನು, ಲಿಂಕು, ಬುಶ್ಶು ಯಾವುದಾದರೂ ನಡೆಯುತ್ತದೆ. ರಾಜಕೋಟದಿಂದ ಬರುವ ಸಾಮಾನಿನಲ್ಲಿ ಒಳ್ಳೆಯದೂ ಇದೆ, ಕಳಪೆಯೂ ಇದೆ, ಕೈಗೆ ತೆಗೆದುಕೊಂಡು ಅಳೆಯಬೇಕು. ನಾಜಲ್, ಪಂಪಿನ ಎಲಿಮೆಂಟು, ಬೇರಿಂಗು, ಲೈನರ್-ಪಿಸ್ಟನ್ನಿನಲ್ಲಿ ಮಾತ್ರ ಅಗ್ಗದ ಮಾತೇ ಬೇಡ.

ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ಹೊಡೆದಿಡಿ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆಯಿದೆ. ನಿಮ್ಮ ಮಾಡೆಲ್ಲಿನ ಪರೀಕ್ಷಾ ವರದಿ ಸಿಕ್ಕರೆ ಅದರಲ್ಲಿ ಪಿಟಿಒ ಶಕ್ತಿ, ಲಿಫ್ಟ್ ಎತ್ತುವ ಭಾರ, ಟೈರಿನ ಅಳತೆ ಎಲ್ಲ ಸಿಗುತ್ತವೆ. ಮಾರುವವರ ಬಾಯಿಮಾತಿಗಿಂತ ಅದು ಗಟ್ಟಿ.

10. ಹಾಫ್ ಎಂಜಿನ್, ಫುಲ್ ಎಂಜಿನ್

ಗ್ಯಾರೇಜಿನಲ್ಲಿ ಹಾಫ್ ಎಂಜಿನ್ ಎಂದರೆ ಕ್ರ್ಯಾಂಕ್ ಮುಟ್ಟದೆ ಹೆಡ್ಡು, ಪಿಸ್ಟನ್, ರಿಂಗು, ಲೈನರ್ ಕೆಲಸ. ಫುಲ್ ಎಂಜಿನ್ ಎಂದರೆ ಕ್ರ್ಯಾಂಕೂ ಹೊರಗೆ. ಆಯಿಲ್ ಪ್ರೆಶರ್ ಸರಿ ಇದ್ದು, ನಾಲ್ಕನೇ ಪಾಠದ ಪುಲ್ಲಿ ಅಲುಗದಿದ್ದರೆ ಹಾಫ್ ಸಾಕು. ಒಂದು ಸಿಲಿಂಡರಿನ ಗಾಡಿಗೆ ಇದು ದೊಡ್ಡ ಕೆಲಸವೇನಲ್ಲ. 15 ಎಚ್‌ಪಿ ಗಾಡಿಯಲ್ಲಿ ಇರುವುದು ಒಂದೇ ಪಿಸ್ಟನ್, ಒಂದೇ ನಾಜಲ್. ಮೂರು ಸಿಲಿಂಡರಿನ ಶಕ್ತಿ, ಕುಬೋಟಾ ಮೆತ್ತಗೆ ಓಡುತ್ತವೆ, ಆದರೆ ಎಲ್ಲ ಸಾಮಾನೂ ಮೂರು ಮೂರು ಬೇಕು.

ಕ್ರ್ಯಾಂಕ್ ಗ್ರೈಂಡಿಂಗು, ಹೆಡ್ ಮಟ್ಟ ಮಾಡುವುದು, ಸವೆದ ತೂತಿಗೆ ಬುಶ್ಶು ಕೂರಿಸುವುದು, ಹಳೇ ಶಾಫ್ಟಿನ ಅಳತೆಗೆ ಹೊಸದು ತಿರುಗಿಸುವುದು ಇವೆಲ್ಲಕ್ಕೂ ಹುಬ್ಬಳ್ಳಿಯಲ್ಲಿ ಕೈಗಳಿವೆ. ರೈಲ್ವೆ ವರ್ಕ್‌ಶಾಪು, ಗೋಕುಲ ರಸ್ತೆಯ ಕಾರ್ಖಾನೆಗಳು ತಲೆಮಾರುಗಳಿಂದ ಟರ್ನರು-ಫಿಟ್ಟರುಗಳನ್ನು ಬೆಳೆಸಿದ ಊರು ಇದು. ಲೇತಿನವರ ಹತ್ತಿರ ಹೋಗುವಾಗ ಸವೆದ ಸಾಮಾನೊಂದನ್ನೇ ಒಯ್ಯಬೇಡಿ, ಅದು ಕೂಡುವ ಜೋಡಿ ಸಾಮಾನನ್ನೂ ಒಯ್ಯಿರಿ. ಸವೆದದ್ದನ್ನೇ ನೋಡಿ ತಿರುಗಿಸಿದರೆ ಸವೆದ ಅಳತೆಯದೇ ಸಿಗುತ್ತದೆ.

50 ಎಚ್‌ಪಿಗಿಂತ ಮೇಲಿನ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್-4 ಎಂಬ ಹೊಗೆ ನಿಯಮ ಬಂದು ಅವುಗಳೊಳಗೆ ಎಲೆಕ್ಟ್ರಾನಿಕ್ಸ್ ಹೊಕ್ಕಿದೆ. ಈ ಹಳೇ ಸಣ್ಣ ಗಾಡಿಗಳಿಗೆ ಇನ್ನೂ ಪಾನಾ ಸಾಕು. ಅವುಗಳ ಮೇಲೆ ನನಗೆ ಮೋಹ ಉಳಿದಿರುವುದಕ್ಕೆ ಇದೂ ಒಂದು ಕಾರಣ.

11. ಪವರ್ ಟಿಲ್ಲರ್

ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ವಿಎಸ್‌ಟಿಯ ಶಕ್ತಿ 130, ಕೇರಳದ ಕಾಮ್ಕೊ ಎರಡೂ ಹಳೇ ಸರಕಿನಲ್ಲಿ ಸಿಗುತ್ತವೆ. ಎರಡು-ಮೂರು ಎಕರೆ ತೋಟಕ್ಕೆ ಸಾಕು. ಎಡ-ಬಲ ತಿರುಗಿಸುವ ಕ್ಲಚ್ಚುಗಳು ಬೇರೆ ಬೇರೆಯಾಗಿ ಹಿಡಿದು ಬಿಡುತ್ತವೆಯೇ ನೋಡಿ. ಇಳಿಜಾರಿನಲ್ಲಿ ಅದು ಕೈಕೊಟ್ಟರೆ ಯಂತ್ರ ಮೈಮೇಲೆ ಬರುತ್ತದೆ. ಬೆಲ್ಟುಗಳಲ್ಲಿ ಒಂದು ಹರಿದರೂ ಇಡೀ ಜೋಡಿಯನ್ನೇ ಬದಲಿಸಬೇಕು, ಇಲ್ಲದಿದ್ದರೆ ಹೊಸ ಬೆಲ್ಟೊಂದೇ ಎಲ್ಲ ಹೊರೆ ಹೊತ್ತು ಬೇಗ ಹರಿಯುತ್ತದೆ. ಹ್ಯಾಂಡಲ್ ಹೊಡೆದು ಚಾಲೂ ಮಾಡುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಹಿಂದಕ್ಕೆ ಒದ್ದರೆ ಮುರಿಯುವುದು ಅದೇ. ಲುಂಗಿ, ಹೆಗಲ ಟವೆಲ್ ಬಿಚ್ಚಿಟ್ಟು ಹತ್ತಿರ ಹೋಗಿ.

12. ಯಾವಾಗ ಕೊಳ್ಳಬೇಕು

ರೋಹಿಣಿ ಮಳೆಯ ಮುಂಚೆ ಎಲ್ಲರಿಗೂ ಗಾಡಿ ಬೇಕು, ಆಗ ಬೆಲೆ ಮೇಲೆ. ಹಿಂಗಾರಿ ಬಿತ್ತನೆ ಮುಗಿದ ಮೇಲೆ ಹೋಗಿ. ಸಾಲ ಕಟ್ಟದ್ದಕ್ಕೆ ಜಪ್ತಾದ ಗಾಡಿಗಳ ಯಾರ್ಡಿನಲ್ಲಿ ಅಗ್ಗಕ್ಕೆ ಸಿಗುವುದುಂಟು. ಆದರೆ ಅಲ್ಲಿ ಮಳೆ-ಬಿಸಿಲಿಗೆ ನಿಂತು ಟೈರು ಸೀಳಿರುತ್ತದೆ, ಬ್ಯಾಟರಿ, ಡೈನಮೋ ಬದಲಾಗಿರುತ್ತವೆ, ಓಡಿಸಿ ನೋಡಲಿಕ್ಕೂ ಆಗುವುದಿಲ್ಲ. ರಿಪೇರಿ ಸ್ವತಃ ಬಲ್ಲವರು ಮಾತ್ರ ಆ ಕಡೆ ಹೋಗಲಿ.

13. ಯಾವಾಗ ಬಿಡಬೇಕು

ಗೇರ್‌ಬಾಕ್ಸೂ ಎಂಜಿನ್ನೂ ಒಟ್ಟಿಗೇ ಕೆಲಸ ಕೇಳಿದರೆ ಖರ್ಚನ್ನು ಹಾಳೆಯ ಮೇಲೆ ಬರೆದು, ಅದೇ ಮಾಡೆಲ್ಲಿನ ಓಡುವ ಗಾಡಿಯ ಬೆಲೆಯನ್ನು ಪಕ್ಕಕ್ಕೆ ಬರೆಯಿರಿ. ಅರ್ಧ ದಾಟಿದರೆ ನಾನು ಕೈಬಿಡುತ್ತೇನೆ. ಅಂಥ ಗಾಡಿಯಲ್ಲೂ ಡೀಸೆಲ್ ಪಂಪು, ರೇಡಿಯೇಟರು, ಹೈಡ್ರಾಲಿಕ್ ಪಂಪು, ರಿಮ್ಮು, ತೂಕದ ಬಿಲ್ಲೆಗಳು ಬೇರೆಯವರಿಗೆ ಬೇಕಾಗುತ್ತವೆ. ಅವನ್ನು ಬಿಚ್ಚಿ ಎಣ್ಣೆ ಸವರಿ ಚೀಲದಲ್ಲಿ ಕಟ್ಟಿಡಿ. ಉಳಿದ ಎರಕದ ಮೈಯನ್ನು ಗುಜರಿಗೆ ಹಾಕುವ ಮುಂಚೆ ನೋಂದಣಿ ರದ್ದು ಮಾಡಿಸಿ. ವಾಹನ ಇನ್ನು ಬಳಕೆಗೆ ಬಾರದೆಂದಾದ ಮೇಲೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಹಾಗೆ ಮಾಡದಿದ್ದರೆ ನಿಮ್ಮ ಹೆಸರಿನ ನಂಬರು ಇನ್ಯಾವುದೋ ಗಾಡಿಯ ಮೇಲೆ ಕೂತು, ಯಾವುದೋ ಠಾಣೆಯಿಂದ ನಿಮಗೆ ಫೋನು ಬಂದೀತು.